ದೊಡ್ಡದಕ್ಕೆ ಮೂರು ಕಣ್ಣು

ಫೋನ್ ಅಂಗಡಿಯವನು ಎರಡು ಫೋನುಗಳನ್ನು ಗಾಜಿನ ಮೇಲೆ ಅಕ್ಕಪಕ್ಕ ಇಟ್ಟು, “ಎರಡೂ ಅವಳಿ ಮಕ್ಕಳು ಮೇಡಂ. ಇದು ನಾಲ್ಕು ತುತ್ತು ಜಾಸ್ತಿ ತಿಂದಿದೆ, ಅಷ್ಟೇ ವ್ಯತ್ಯಾಸ,” ಎಂದ.

ಮಗಳು ಅದನ್ನು ತಾಯಿಗೆ ಕೈಸನ್ನೆಯಲ್ಲಿ ಹೇಳಿದಳು. ತಾಯಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಇಬ್ಬರ ಮಾತು, ಜಗಳ, ಮುದ್ದು ಎಲ್ಲವೂ ಕೈಯಲ್ಲೇ. ತಾಯಿ ಎರಡೂ ಫೋನುಗಳನ್ನು ಬೋರಲು ಹಾಕಿ ಬೆನ್ನು ನೋಡಿದಳು. ಚಿಕ್ಕದಕ್ಕೆ ಎರಡು ಲೆನ್ಸ್, ದೊಡ್ಡದಕ್ಕೆ ಮೂರು.

“ಅವಳಿ ಅಂದ್ಮೇಲೆ ಒಂದಕ್ಕೆ ಕಣ್ಣು ಯಾಕೆ ಕಡಿಮೆ? ಕೇಳು ಅವನನ್ನ,” ಎಂದವು ಅವಳ ಬೆರಳುಗಳು.

ಅಂಗಡಿಯವನು ತಲೆ ಕೆರೆದುಕೊಂಡು ನಕ್ಕ. ಆ ಮೂರನೆಯದು ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಲೆನ್ಸ್. ಚಿಕ್ಕದರ ಮೈಯಲ್ಲಿ ಅದಕ್ಕೆ ಜಾಗವಿಲ್ಲ. ಬ್ಯಾಟರಿಯೂ ದೊಡ್ಡದರಲ್ಲಿ ಹೆಚ್ಚು ಹೊತ್ತು ಬರುತ್ತದೆ. ಒಳಗಿನ ಚಿಪ್ ಮಾತ್ರ ಎರಡಕ್ಕೂ ಒಂದೇ.

“ಅಮ್ಮ, ನಿನ್ನ ಕೈಗೆ ಅದು ಹಲಗೆ ಹಿಡಿದ ಹಾಗಿರುತ್ತೆ. ಚಿಕ್ಕದೇ ತಗೋ,” ಎಂದಳು ಮಗಳು.

“ಟಾರ್ಪಾಲಿನ್ ಹೊಲಿಯೋ ಕೈ ಕಣೇ ಇದು. ಹಲಗೆ ಏನು, ಬಾಗಿಲನ್ನೇ ಹಿಡೀತೀನಿ.”

ತಾಯಿ ದೊಡ್ಡದನ್ನೇ ತೆಗೆದುಕೊಂಡಳು. ಮಗಳು ಚಿಕ್ಕದನ್ನು ಆರಿಸಿದಳು. ಅವಳು ನದಿ ಸಮುದ್ರ ಸೇರುವ ಜಾಗದಲ್ಲಿ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ಬೋಟ್ ನಡೆಸುವವಳು. ಒಂದು ಕೈ ಸದಾ ಸ್ಟಿಯರಿಂಗ್ ಮೇಲೆ. ಫೋನು ಉಳಿದ ಕೈಯ ಹೆಬ್ಬೆರಳಿಗೆ ಎಟುಕಬೇಕು.

ತಾಯಿಯ ಹೊಲಿಗೆ ಕೋಣೆ ಬೋಟುಗಳು ಬಂದು ನಿಲ್ಲುವ ಜೆಟ್ಟಿಯ ತುದಿಯಲ್ಲಿತ್ತು. ಲೈಫ್ ಜಾಕೆಟ್‌ಗಳು, ಬೋಟಿನ ಹೊದಿಕೆಗಳು ಅಲ್ಲಿಗೇ ಬರುತ್ತಿದ್ದವು. ಹೊಲಿಗೆ ಯಂತ್ರ ಕಿಟಕಿಗೆ ಮುಖಮಾಡಿತ್ತು. ನೂಲು ಮುಗಿದಾಗಲೆಲ್ಲ ಅವಳು ಹೊಸ ಫೋನನ್ನು ಕಿಟಕಿಯ ಚೌಕಟ್ಟಿಗೆ ಒತ್ತಿ ಹಿಡಿದು ಮಗಳ ಬೋಟನ್ನು ಹುಡುಕುವಳು. ಸಂಜೆ ಮನೆಯಲ್ಲಿ, “ಇವತ್ತು ಟೋಪಿ ಯಾಕೆ ಹಾಕ್ಕೊಂಡಿರಲಿಲ್ಲ?” ಎಂದು ವಿಚಾರಣೆ. “ಇದು ಫೋನಲ್ಲ, ಪೊಲೀಸು,” ಎಂದು ಮಗಳು ಗೊಣಗುವಳು.

ಒಂದು ಮಧ್ಯಾಹ್ನ ನಡುನೀರಿನಲ್ಲಿ ಬೋಟಿನ ಎಂಜಿನ್ ಕೆಮ್ಮಿ ನಿಂತಿತು. ಬೋಟಿನ ಬ್ಯಾಟರಿಯೂ ಕೈಕೊಟ್ಟು ವೈರ್‌ಲೆಸ್ ಮೂಕವಾಯಿತು. ದಡದಿಂದ ಅಷ್ಟು ದೂರದಲ್ಲಿ ಯಾರ ಫೋನಿಗೂ ಸಿಗ್ನಲ್ ಸಿಗುವುದಿಲ್ಲ. ಬೋಟು ಸಮುದ್ರದ ಕಡೆ ಜಾರದಂತೆ ಮಗಳು ಲಂಗರು ಇಳಿಸಿದಳು. ಅಷ್ಟರಲ್ಲಿ ವಯಸ್ಸಾದ ಪ್ರಯಾಣಿಕರೊಬ್ಬರು ಎದೆ ಹಿಡಿದುಕೊಂಡು ಒರಗಿದರು. ಅವರ ಹೆಂಡತಿ ಗಾಬರಿಯಿಂದ ಗಾಳಿ ಹಾಕತೊಡಗಿದರು. ಉಳಿದವರು ದಡದ ಕಡೆ ಕೈಬೀಸಿ ಕೂಗಿದರು.

ಮಗಳು ತನ್ನ ಫೋನಿನಲ್ಲಿ ಜೆಟ್ಟಿಯನ್ನು ನೋಡಿದಳು. ಎಷ್ಟು ಹಿಗ್ಗಿಸಿದರೂ ಮಸುಕು ಮಸುಕು ಚುಕ್ಕೆಗಳೇ. ಅವಳು ಅದನ್ನು ಜೇಬಿಗೆ ತುರುಕಿ, ಕ್ಯಾಬಿನ್ನಿನ ಚಾವಣಿ ಹತ್ತಿ ನಿಂತಳು.

“ಅಲ್ಲೇನಮ್ಮಾ ಮಾಡ್ತಿದೀಯ?” ಎಂದರು ಆ ಹೆಂಗಸು.

“ನಮ್ಮಮ್ಮನ ಹತ್ರ ಮಾತಾಡ್ತೀನಿ. ಅವಳು ನೋಡ್ತಿರ್ತಾಳೆ.”

ಅವಳು ತೋಳುಗಳನ್ನು ಅಗಲವಾಗಿ ಬಿಚ್ಚಿ, ನಿಧಾನವಾಗಿ, ಒಂದೊಂದು ಸನ್ನೆಯನ್ನೂ ದೊಡ್ಡದು ಮಾಡಿ ಹೇಳಿದಳು. ಮುಗಿದೊಡನೆ ಮತ್ತೆ ಮೊದಲಿಂದ. ಅತ್ತಲಿಂದ ಉತ್ತರ ಬರುವುದನ್ನು ಕಾಯಲಿಲ್ಲ.

ಜೆಟ್ಟಿಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಬೋಟು ನೀರಿನ ಸೆಳೆತ ತಗ್ಗಲೆಂದು ನಿಂತಿದೆ ಅಂದುಕೊಂಡಿದ್ದರು. ತಾಯಿ ಮಾತ್ರ ಯಂತ್ರದ ಮುಂದಿನಿಂದ ಎದ್ದಳು. ಪರದೆಯ ತುಂಬ ಮಗಳ ತೋಳುಗಳಿದ್ದವು. ಎರಡನೇ ಸಲ ನೋಡಿ ಖಾತ್ರಿ ಮಾಡಿಕೊಂಡು, ಜೆಟ್ಟಿಯ ಮೇಲ್ವಿಚಾರಕನ ಕೋಣೆಗೆ ಓಡಿದಳು. ದಪ್ಪಕ್ಷರದಲ್ಲಿ ಟೈಪ್ ಮಾಡಿ ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು: ಎಂಜಿನ್ ಸತ್ತಿದೆ. ಲಂಗರು ಹಾಕಿದೆ. ಒಬ್ಬರಿಗೆ ಎದೆನೋವು. ಡಾಕ್ಟರ್ ಬೇಕು, ಆಮ್ಲಜನಕ ಬೇಕು.

“ಅಮ್ಮಾ, ಅವರು ಸುಮ್ನೆ ಕೈ ಬೀಸ್ತಿದಾರೆ,” ಎಂದ ಅವನು, ಅವಳಿಗೆ ಕೇಳದೆಂಬುದನ್ನು ಮರೆತು.

ತಾಯಿ ಅವನ ತೋಳು ಹಿಡಿದು ಹೊರಗೆಳೆದು, ಕ್ಯಾಮೆರಾವನ್ನು ಬೋಟಿನತ್ತ ತಿರುಗಿಸಿದಳು. ಎಲ್ಲರೂ ಅಡ್ಡಾದಿಡ್ಡಿ ಕೈಬೀಸುತ್ತಿದ್ದರೆ, ಚಾವಣಿಯ ಮೇಲಿನ ಹುಡುಗಿ ಅದೇ ಸನ್ನೆಗಳನ್ನು ಅದೇ ಸಾಲಿನಲ್ಲಿ ಮತ್ತೆ ಮತ್ತೆ ಮಾಡುತ್ತಿದ್ದಳು. ಅವನಿಗೆ ಅರ್ಥ ತಿಳಿಯಲಿಲ್ಲ. ಅದು ಮಾತು ಎಂಬುದು ತಿಳಿಯಿತು. ತಕ್ಷಣ ಆರೋಗ್ಯ ಕೇಂದ್ರಕ್ಕೆ ಫೋನು ಹಚ್ಚಿದ.

ಡಾಕ್ಟರನ್ನು ಹೊತ್ತ ಚಿಕ್ಕ ಬೋಟು ಹೊರಡುವಾಗ ತಾಯಿ ಕಿತ್ತಳೆ ಬಣ್ಣದ ಬಟ್ಟೆಯ ಸುರುಳಿಯನ್ನೇ ಬಿಚ್ಚಿ ತಲೆಯ ಮೇಲೆ ಬೀಸಿದಳು. ಚಾವಣಿಯ ಮೇಲಿದ್ದವಳಿಗೆ ಕಂಡದ್ದು ಅಲುಗುವ ಕಿತ್ತಳೆ ಚುಕ್ಕೆ ಮಾತ್ರ. ಅಷ್ಟು ಸಾಕಾಯಿತು. ಕೆಳಗಿಳಿದು, “ಡಾಕ್ಟರ್ ಬರ್ತಿದಾರೆ ಅಜ್ಜಿ,” ಎಂದಳು.

ಆ ಹಿರಿಯರು ಬದುಕಿದರು. ಕೆಲವು ವಾರಗಳ ನಂತರ ಗಂಡಹೆಂಡತಿ ಇಬ್ಬರೂ ಅದೇ ಬೋಟಿನಲ್ಲಿ ಬಂದು ತಾಯಿಯ ಎರಡೂ ಕೈಗಳನ್ನು ಹಿಡಿದುಕೊಂಡರು.

ಮೇಲ್ವಿಚಾರಕ ಸುಮ್ಮನಾಗಲಿಲ್ಲ. ಬೋಟಿನವರೆಲ್ಲ ಕೈಮಾತು ಕಲಿಯಬೇಕೆಂದ, ಕಲಿಸುವವಳು ತಾಯಿಯೇ. ಈಗ ಬೆಳಿಗ್ಗೆ ಮೊದಲ ಬೋಟು ಹೊರಡುವ ಮುನ್ನ ಹೊಲಿಗೆ ಕೋಣೆಯೇ ಶಾಲೆ. ಮೇಷ್ಟ್ರು ಬಲು ಕಟ್ಟುನಿಟ್ಟು. ಮೊನ್ನೆ ಮೇಲ್ವಿಚಾರಕ ಎದ್ದು ನಿಂತು, ಎಂಜಿನ್ ಹೊಗೆ ಬಿಡುತ್ತಿದೆ ಎಂದು ಬಹಳ ಗತ್ತಿನಿಂದ ಕೈಸನ್ನೆಯಲ್ಲಿ ಹೇಳಿದ. ಮಗಳು ಬಿದ್ದು ಬಿದ್ದು ನಕ್ಕಳು.

“ಏನಂದೆ ನಾನು?”

“ನಮ್ಮಜ್ಜಿ ಹೊಗೆ ಬಿಡ್ತಿದಾಳೆ ಅಂದ್ರಿ ಸಾರ್.”

ತಾಯಿ ನಗಲಿಲ್ಲ. ಅವನ ಬೆರಳುಗಳನ್ನು ಹಿಡಿದು ನೆಟ್ಟಗೆ ಮಾಡಿ, ಇನ್ನೊಮ್ಮೆ ಹೇಳು ಎಂದು ಗಲ್ಲವೆತ್ತಿದಳು.