ಹಾಲಂಗಡಿ ಮನೆಯಲ್ಲಿ ಹಾಲಿಲ್ಲದ ಊಟ

ನಮ್ಮದು ಹಾಲಿನ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಹಾಲಿನ ಕ್ಯಾನುಗಳನ್ನು ತೊಳೆಯುವುದು, ಬೆಣ್ಣೆಯ ದೊಡ್ಡ ಗಟ್ಟಿಯನ್ನು ತಂತಿಯಿಂದ ಕತ್ತರಿಸಿ ಕಾಗದದಲ್ಲಿ ಸುತ್ತುವುದು ನನ್ನ ಕೆಲಸ. ಗಿರಾಕಿಗಳ ಜೊತೆ ಮಾತಾಡುವುದು ಅಪ್ಪನ ಕೆಲಸ. ಹಿಂದಿನ ಮೂಲೆಯಲ್ಲಿ ಕೂತು ಎಲ್ಲರನ್ನೂ ನೋಡುತ್ತಿರುತ್ತೇನೆ ಎಂದು ಅಪ್ಪ ನನ್ನನ್ನು ಗುಬ್ಬಿ ಎನ್ನುತ್ತಾರೆ.

ಇಂಥ ಮನೆಗೆ ಅಣ್ಣ ಮದುವೆಯಾಗಿ ಕರೆತಂದದ್ದು ಹಾಲು, ಮೊಸರು, ಬೆಣ್ಣೆ, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದವರನ್ನು. ಅತ್ತಿಗೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. "ಪ್ರಾಣಿಗಳಿಂದ ಬಂದಿದ್ದು ಏನೂ ತಿನ್ನಲ್ಲ, ಅಷ್ಟೇ" ಎಂದು ಮೊದಲ ದಿನವೇ ಹೇಳಿದರು.

ಅಪ್ಪ ಕೈಯಲ್ಲಿದ್ದ ಹಾಲಿನ ಲೋಟವನ್ನು ನೋಡಿದರು. "ಹಾಲು ಪ್ರಾಣಿಯಿಂದ ಬಂದಿದ್ದಾ?"

"ಅಲ್ದೆ ಇನ್ನೇನು, ನಲ್ಲಿಯಿಂದ ಬಂದಿದ್ದಾ?" ಎಂದರು ಅಮ್ಮ.

"ನಮ್ಮ ಗಿರಾಕಿಗಳನ್ನ ಕೇಳಿದ್ರೆ ಅರ್ಧ ನಲ್ಲಿಯಿಂದಾನೇ ಅಂತಾರೆ" ಎಂದ ಅಣ್ಣ.

ಎಲ್ಲರೂ ನಕ್ಕರು. ಆದರೆ ನಮ್ಮಲ್ಲಿ ಸಾರಿನ ಒಗ್ಗರಣೆಗೂ ಬೆಣ್ಣೆಯೇ. ಆಮೇಲೆ ಎರಡು ವಾರ ಅತ್ತಿಗೆ ಬ್ರೆಡ್ಡು, ಬಾಳೆಹಣ್ಣಿನಲ್ಲೇ ಕಾಲ ತಳ್ಳಿದರು. ಬರೀ ಆಲೂಗಡ್ಡೆ ಬೇಯಿಸಿಕೊಡುವಾಗಲೂ ಅಮ್ಮ ಸುಮ್ಮನಿರುತ್ತಿರಲಿಲ್ಲ. "ಮೈಗೆ ಒಂಚೂರು ಶಕ್ತಿ ಬೇಡ್ವಾ, ಯಾರಿಗೆ ಗೊತ್ತಾಗುತ್ತೆ" ಎಂದು ಗೊಣಗುತ್ತ ಒಂದು ಚಮಚ ಬೆಣ್ಣೆ ಹಾಕಿ ಕಲಸಿ, "ಏನೂ ಹಾಕಿಲ್ಲಮ್ಮ, ತಿನ್ನು" ಎಂದು ತಂದಿಡುತ್ತಿದ್ದರು. ಅತ್ತಿಗೆ ತಟ್ಟೆಯನ್ನು ನೋಡಿ, "ಹೊಟ್ಟೆ ತುಂಬಿದೆ ಅತ್ತೆ" ಎನ್ನುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆ ಕೊಡುತ್ತಿದ್ದರು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಗುರುವಾರ ಅಣ್ಣ ಅಪ್ಪನಿಗೆ ಹೇಳುವುದು ಕೇಳಿಸಿತು. ಕನ್ನಡಕದ ಅಂಗಡಿಯ ಹತ್ತಿರ ಎರಡು ಕೋಣೆಯ ಮನೆಯೊಂದು ಖಾಲಿಯಾಗಿದೆ, ಭಾನುವಾರ ಸಂಜೆ ಐದರೊಳಗೆ ಓನರಿಗೆ ಉತ್ತರ ಹೇಳಬೇಕು. "ಇಲ್ಲಿ ಅವಳು ಏನ್ ತಿಂದು ಬದುಕ್ತಾಳೆ, ನೀವೇ ಹೇಳಿ" ಎಂದ.

ಅತ್ತಿಗೆ ಹೋಗುವುದು ನನಗೆ ಬೇಡವಾಗಿತ್ತು. ಮನೆಯಲ್ಲಿ ಯಾರಾದರೂ ನನ್ನನ್ನು ಏನಾದರೂ ಕೇಳಿದರೆ, ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ಅತ್ತಿಗೆ ಮಾತ್ರ ಕೇಳಿ, ಕಾಯುತ್ತಾರೆ. ಒಂದು ಸಲ ಅವರು ಎರಡು ಜೊತೆ ಬಟ್ಟೆ ಮಡಚಿ ಮುಗಿಸುವವರೆಗೂ ನನ್ನ ಉತ್ತರ ಬಂದಿರಲಿಲ್ಲ. ಆದರೂ ಕಾದರು.

ಅವರ ಕೋಣೆಯಲ್ಲಿ ಒಂದು ಅಡುಗೆ ಪುಸ್ತಕವಿತ್ತು. ಎಣ್ಣೆ, ಅರಿಸಿನ ಹತ್ತಿ ಅಂಚುಗಳು ಹಳದಿಯಾಗಿದ್ದವು. "ಕೊಡ್ತೀರಾ?" ಎಂದೆ.

"ಅಡುಗೆ ಮಾಡ್ತೀಯಾ?" ಎಂದು ಕೇಳಿ ಕಾದರು. ತಲೆಯಾಡಿಸಿದೆ. "ಇಪ್ಪತ್ತೆರಡನೇ ಪುಟದ್ದು ಮಾಡು. ಅದು ತಿಂದವರು ರಾತ್ರಿವರೆಗೂ ಅಡುಗೆಮನೆ ಕಡೆ ತಲೆ ಹಾಕಲ್ಲ."

ಇಪ್ಪತ್ತೆರಡನೇ ಪುಟವನ್ನು ಬೆರಳಿಟ್ಟುಕೊಂಡು ಮೂರು ದಿನ ಓದಿದೆ. ನನ್ನ ಓದು ನಿಧಾನ. ಕೆಳಗೆ ಕಡಲೆಕಾಳು ಮತ್ತು ಅಣಬೆಯ ಗಟ್ಟಿ ಗೊಜ್ಜು, ಮೇಲೆ ಗೋಡಂಬಿ ಹಾಲಿನಲ್ಲಿ ಹಿಸುಕಿದ ಆಲೂಗಡ್ಡೆಯ ಹೊದಿಕೆ, ಆಮೇಲೆ ಓವನ್ನಿನಲ್ಲಿ ಮುಕ್ಕಾಲು ಗಂಟೆ. ಅಳತೆ ನಾಲ್ಕು ಜನರಿಗೆ ಎಂದಿತ್ತು. ಆ ನಾಲ್ಕು ಜನ ನಮ್ಮಪ್ಪನನ್ನು ನೋಡಿದವರಲ್ಲ ಎಂದು ತಿಳಿದು ಎಲ್ಲವನ್ನೂ ಎರಡರಷ್ಟು ತೆಗೆದುಕೊಂಡೆ.

ಭಾನುವಾರ ಅಂಗಡಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ನೆನೆಸಿದ ಗೋಡಂಬಿಯನ್ನು ರುಬ್ಬುತ್ತಿದ್ದಾಗ ಅಪ್ಪ ಬಂದು ಇಣುಕಿದರು.

"ಏನದು ಬೆಳ್ಳಗೆ?"

"ಗೋಡಂಬಿ ಹಾಲು."

ಬೆರಳದ್ದಿ ನೆಕ್ಕಿದರು. ಇನ್ನೊಂದು ಸಲ ನೆಕ್ಕಿದರು. "ಬೀಜ ರುಬ್ಬಿದ್ರೆ ಹಾಲು ಬರೋ ಹಾಗಿದ್ರೆ ಮೂವತ್ತು ವರ್ಷ ನಾನ್ಯಾಕೆ ಬೆಳಗಿನ ಜಾವ ಎದ್ದೆ?" ಎಂದು ಅಮ್ಮನನ್ನು ಕೇಳಿದರು.

ಅಮ್ಮ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬಂದಿರಲಿಲ್ಲ. "ನನ್ನ ಕೇಳಿ ಎದ್ರಾ?" ಎಂದರು. ನಾನು ಆಲೂಗಡ್ಡೆ ಸಿಪ್ಪೆ ತೆಗೆಯುವುದನ್ನು ನೋಡುತ್ತ ನೋಡುತ್ತ ಅವರಿಗೆ ತಡೆಯಲಾಗಲಿಲ್ಲ. "ಅರ್ಧ ಆಲೂಗಡ್ಡೆ ಸಿಪ್ಪೆಗೇ ಹೋಯ್ತು, ಕೊಡು ಇಲ್ಲಿ" ಎಂದು ಚಾಕು ಕಿತ್ತುಕೊಂಡು ಕೂತರು.

ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಅಣಬೆ ಹಾಕಿದೆ. ಅಣಬೆ ಮೊದಲು ನೀರು ಬಿಟ್ಟು ಅತ್ತಂತೆ ಆಯಿತು, ಆಮೇಲೆ ನೀರೆಲ್ಲ ಇಂಗಿ ಹೊಳೆಯತೊಡಗಿತು. ಟೊಮೇಟೊ, ಬೆಳ್ಳುಳ್ಳಿ, ಕಾಳುಮೆಣಸು, ಬೆಂದ ಕಡಲೆಕಾಳು ಹಾಕಿದ ಮೇಲೆ ಮನೆಯೆಲ್ಲ ಘಮ್ಮೆಂದಿತು. ಟ್ರೇಗೆ ಜಿಡ್ಡು ಸವರಿ ಹಿಡಿಸುವಷ್ಟು ತುಂಬಿ, ಆಲೂಗಡ್ಡೆ ಹೊದಿಸಿ ಓವನ್ನಿಗೆ ಇಟ್ಟೆ. ಉಳಿದ ಗೊಜ್ಜು, ಆಲೂಗಡ್ಡೆ ಬಾಣಲೆಯಲ್ಲೇ ಇತ್ತು. ಮುಕ್ಕಾಲು ಗಂಟೆಗೆ ತೆಗೆದಾಗ ಮೇಲೆ ಹೊಂಬಣ್ಣ, ಅಂಚುಗಳಲ್ಲಿ ಕೊತಕೊತ. ಅಣ್ಣ ಬಟ್ಟೆ ಹಿಡಿದು ಟ್ರೇಯನ್ನು ಮೇಜಿಗೆ ಒಯ್ದ. ಅತ್ತಿಗೆ ಕುರ್ಚಿ ಎಳೆದುಕೊಳ್ಳುವ ಸದ್ದು ಕೇಳಿಸಿತು.

ಕಟ್ಟೆ ಒರೆಸಲು ಹೋದೆ. ಅಲ್ಲಿ ಒಂದು ಬೆಣ್ಣೆ ಕಾಗದ ಬಿಚ್ಚಿಕೊಂಡು ಬಿದ್ದಿತ್ತು.

ಬೆಣ್ಣೆ ಸುತ್ತಿದ ಕಾಗದವನ್ನು ನಮ್ಮ ಮನೆಯಲ್ಲಿ ಎಸೆಯುವುದಿಲ್ಲ. ಮಡಚಿ ಒಲೆಯ ಪಕ್ಕದ ಡಬ್ಬಿಯಲ್ಲಿಡುತ್ತೇವೆ, ಟ್ರೇಗೆ ಜಿಡ್ಡು ಸವರಬೇಕಾದಾಗಲೆಲ್ಲ ಒಂದನ್ನು ತೆಗೆದು ಉಜ್ಜುತ್ತೇವೆ. ಪುಸ್ತಕದಲ್ಲಿ "ಎಣ್ಣೆ ಸವರಿ" ಎಂದೇ ಇತ್ತು. ನಾನು ಓದಿದ್ದೂ ಹಾಗೆಯೇ. ಕೈ ಮಾತ್ರ ತನ್ನ ಪಾಡಿಗೆ ಡಬ್ಬಿಗೆ ಹೋಗಿತ್ತು. ಮನೆಯವರೆಲ್ಲ ಏನು ಮಾಡುತ್ತಾರೆಂದು ದಿನವಿಡೀ ನೋಡುವ ನಾನು ನನ್ನ ಕೈಯನ್ನೇ ನೋಡಿರಲಿಲ್ಲ.

ಕಾಗದವನ್ನು ಕಸದ ಬುಟ್ಟಿಗೆ ಹಾಕಿದರೆ ಮುಗಿಯಿತು. ಅಷ್ಟು ದೊಡ್ಡ ಟ್ರೇಗೆ ಅದೆಷ್ಟು ಬೆಣ್ಣೆ, ಉಗುರಿನಷ್ಟು. ಅತ್ತಿಗೆ ಹೊಟ್ಟೆ ತುಂಬ ಉಣ್ಣುತ್ತಾರೆ, ಅಣ್ಣ ಓನರಿಗೆ ಬೇಡ ಎನ್ನುತ್ತಾನೆ. ಹೇಳಿದರೆ ಊಟವೂ ಹೋಗುತ್ತದೆ, ಅವರೂ ಹೋಗುತ್ತಾರೆ. ಇದಿಷ್ಟೂ ಯೋಚಿಸುವಷ್ಟರಲ್ಲಿ ನನ್ನ ಕಾಲು ಮೇಜಿನ ಹತ್ತಿರ ಬಂದಿತ್ತು. ಅತ್ತಿಗೆಯ ಚಮಚ ತುಂಬಿ ಬಾಯಿಯ ಹತ್ತಿರವಿತ್ತು.

"ತಿನ್ನಬೇಡಿ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಕಾಗದವನ್ನು ಮೇಜಿನ ಮೇಲಿಟ್ಟೆ. "ಟ್ರೇಗೆ ಇದನ್ನ ಉಜ್ಜಿಬಿಟ್ಟೆ. ಗೊತ್ತಾಗ್ಲಿಲ್ಲ. ಈಗ ನೋಡಿದೆ."

ಅತ್ತಿಗೆ ಚಮಚ ಕೆಳಗಿಟ್ಟರು.

"ನಾನು ಹೇಳಿದ್ದು ಇದೇ" ಎಂದ ಅಣ್ಣ. "ಈ ಮನೇಲಿ ಗೋಡೆ ನೆಕ್ಕಿದ್ರೂ ಬೆಣ್ಣೆ ಸಿಗುತ್ತೆ."

"ನೀವು ಒಂದ್ನಿಮಿಷ ಸುಮ್ನಿರಿ" ಎಂದರು ಅತ್ತಿಗೆ. ನನ್ನನ್ನು ಕೇಳಿದರು, "ಬಾಣಲೇಲಿ ಉಳಿದಿದ್ಯಲ್ಲ, ಅದಕ್ಕೂ ಬೆಣ್ಣೆ ಸೇರಿದ್ಯಾ?"

ಅವರು ಕಾದರು. ನಾನು ಮೊದಲಿನಿಂದ ಎಲ್ಲವನ್ನೂ ಮನಸ್ಸಿನಲ್ಲಿ ಇನ್ನೊಮ್ಮೆ ಮಾಡಿ ನೋಡಿದೆ. ಈರುಳ್ಳಿ, ಎಣ್ಣೆ, ಅಣಬೆ, ಕಾಳು. ಆಲೂಗಡ್ಡೆ, ಗೋಡಂಬಿ, ಉಪ್ಪು. "ಇಲ್ಲ" ಎಂದೆ. "ಅದರಲ್ಲಿ ಏನೂ ಇಲ್ಲ."

ಅತ್ತಿಗೆ ಎದ್ದು ಹೋಗಿ ಬಾಣಲೆಯನ್ನೇ ತಂದು ಮುಂದಿಟ್ಟುಕೊಂಡರು. ಬೇರೆ ಚಮಚ ತೆಗೆದುಕೊಂಡರು. ಒಂದು ತುತ್ತು, ಎರಡು, ಮೂರು. ಎರಡು ವಾರದಲ್ಲಿ ಅವರು ಹೀಗೆ ತಲೆಯೆತ್ತದೆ ತಿಂದದ್ದನ್ನು ನಾನು ನೋಡಿರಲಿಲ್ಲ.

ಅಮ್ಮ ತಮ್ಮ ತಟ್ಟೆ ನೋಡುತ್ತ, "ಆಲೂಗಡ್ಡೆಗೆ ನಾನು ಹಾಕ್ತಿದ್ದೆ" ಎಂದರು.

"ಗೊತ್ತಿತ್ತು ಅತ್ತೆ."

"ಹೇಗೆ ಗೊತ್ತಾಯ್ತು?"

"ಹೊಳೀತಿತ್ತಲ್ಲ. ನಾನು ಕನ್ನಡಕದ ಅಂಗಡಿಯವಳು."

ಅಮ್ಮನ ಮುಖ ಕೆಂಪಾಯಿತು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಇನ್ಮೇಲೆ ಹಾಕಲ್ಲ ಕಣಮ್ಮ."

"ಬ್ರೆಡ್ ತಿಂದ್ಕೊಂಡಿರೋದಕ್ಕೆ ನಂಗೇನೂ ಬೇಜಾರಿಲ್ಲ ಅತ್ತೆ" ಎಂದರು ಅತ್ತಿಗೆ. "ಪ್ರತಿ ತಟ್ಟೆ ಮುಂದೆ ಕೂತು ಅನುಮಾನ ಪಡಬೇಕಲ್ಲ, ಅದು ಕಷ್ಟ. ಇವಳು ಬೆಣ್ಣೆ ಇಲ್ಲ ಅಂದ್ರೆ ಇಲ್ಲ. ನಂಗಷ್ಟು ಸಾಕು." ಅಣ್ಣನ ಕಡೆ ತಿರುಗಿದರು. "ಓನರಿಗೆ ಈಗಲೇ ಫೋನ್ ಮಾಡ್ಬಿಡಿ. ಬೇರೆಯವರಿಗಾದ್ರೂ ಕೊಡ್ಲಿ."

ಅಣ್ಣ ಅವರನ್ನು ನೋಡಿದ, ಬಾಣಲೆಯನ್ನು ನೋಡಿದ. "ನಿಜವಾಗ್ಲೂ?"

"ತಿನ್ನೋವಾಗ ಮಾತಾಡಿಸ್ಬೇಡಿ."

ಅಪ್ಪ ಚಮಚ ಎತ್ತಿಕೊಂಡರು. "ಹಾಗಾದ್ರೆ ಈ ಟ್ರೇ ಸೊಸೆಗೆ ಬೇಡ ತಾನೆ?" ಎಂದು ಕೇಳಿ, ಯಾರ ಉತ್ತರಕ್ಕೂ ಕಾಯದೆ ಅದನ್ನು ತಮ್ಮ ಕಡೆ ಎಳೆದುಕೊಂಡರು.

ಅಣ್ಣ ಫೋನ್ ಹಿಡಿದು ಮೆಟ್ಟಿಲ ಮೇಲೆ ನಿಂತ. ಅವನ ಮಾತು ನಮಗೆಲ್ಲ ಕೇಳಿಸುತ್ತಿತ್ತು. "ಇಲ್ಲ ಸಾರ್, ಮನೆ ಚೆನ್ನಾಗಿದೆ... ಗಾಳಿ ಬೆಳಕು ಎಲ್ಲಾ ಸರಿಯಿದೆ... ಅಯ್ಯೋ, ಜಗಳ ಏನೂ ಇಲ್ಲ ಸಾರ್. ಇಲ್ಲೇ ಊಟ ಚೆನ್ನಾಗಿ ಆಗ್ತಿದೆ, ಅದಕ್ಕೆ."