ಅತ್ತೆ ಕೊಟ್ಟ ಅಂಕ

ಶಿವಾಜಿನಗರದ ಸಂಜೆ ಕಾಲೇಜಿನಲ್ಲಿ ಆಪ್ತಸಮಾಲೋಚನೆಯ ಕೋರ್ಸಿಗೆ ಸೇರಿ ಆರು ತಿಂಗಳಾಗಿತ್ತು. ಹಗಲು ಕಚೇರಿ, ಸಂಜೆ ತರಗತಿ. ಬೇರೆಯವರ ಚಿಂತೆ ಕೇಳಿ ಸಮಾಧಾನ ಹೇಳುವ ಕೆಲಸ ನನ್ನಂಥವಳಿಗೆ ಒಗ್ಗೀತೇ ಎಂಬ ಅನುಮಾನ ಮೊದಲ ದಿನದಿಂದಲೂ ಇತ್ತು. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ನಡೆದು, ಮತ್ತೆ ಬಂದು ಬೀಗ ಜಗ್ಗಿ ನೋಡುವವಳು ನಾನು.

ಆ ವಾರ ನೀಲಿಮಾ ಮೇಡಂ ವ್ಯಕ್ತಿತ್ವ ಪರೀಕ್ಷೆಯ ಎರಡು ಹಾಳೆ ಕೊಟ್ಟರು. ಒಂದರಲ್ಲಿ ನಮಗೆ ನಾವೇ ಅಂಕ ಹಾಕಿಕೊಳ್ಳಬೇಕು. ಅದೇ ಪ್ರಶ್ನೆಗಳ ಇನ್ನೊಂದನ್ನು ನಮ್ಮನ್ನು ಚೆನ್ನಾಗಿ ಬಲ್ಲವರು ತುಂಬಬೇಕು. ಪ್ರತಿ ಪ್ರಶ್ನೆಗೆ ಒಂದರಿಂದ ಐದು; ಪೂರ್ತಿ ನಿಜವಾದರೆ ಐದು. ಚಿಂತೆಯ ಪ್ರಶ್ನೆಗೆ ನಾನು ಐದು ಹಾಕಿಕೊಂಡಿದ್ದೆ; ತುಂಬುವವರೂ ಐದೇ ಕೊಟ್ಟರೆ ಎರಡನೆಯ ಸೆಮಿಸ್ಟರಿಗೆ ಅರ್ಜಿ ಹಾಕುವುದೇ ಬೇಡವೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಗಂಡ ಸಂಜು ಕೆಲಸದ ಮೇಲೆ ಶಿರೂರಿಗೆ ಹೋಗಿದ್ದರು. ಮನೆಯಲ್ಲಿದ್ದವರು ಅತ್ತೆ ಕಲ್ಲವ್ವ. ಅವರಿಗೆ ಓದು ಬರದು, ಹಾಳೆಯೋ ಇಲ್ಲಿನ ಕಾಲೇಜಿನ ಭಾಷೆಯಾದ ಮರಾಠಿಯಲ್ಲಿತ್ತು. ಹಾಗಾಗಿ ನನ್ನ ಬಗೆಗಿನ ಪ್ರಶ್ನೆಗಳನ್ನು ನಾನೇ ಕನ್ನಡದಲ್ಲಿ ಕೇಳಿ, ನಾನೇ ಗುರುತು ಹಾಕಬೇಕಾಯಿತು. ಹೀಗೆ ಮಾಡುವುದು ಸರಿಯೋ ತಪ್ಪೋ ತಿಳಿಯದೆ, ಅದನ್ನೂ ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟೆ.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬೆರಳು ತೋರಿಸಿದರೆ ಸಾಕು ಎಂದೆ. ಅವರಿಗೆ ಆಟ ಹಿಡಿಸಿತು. ಕೆಲಸ ಅಚ್ಚುಕಟ್ಟೇ? ನಾಲ್ಕು. ಮಾತು ಕಡಿಮೆಯೇ? ಅದಕ್ಕೆ ಒಂದೇ ಬೆರಳೆತ್ತಿ, ನಿನ್ನ ತಂಗಿಯ ಫೋನ್ ಬಂದರೆ ಒಲೆಯ ಮೇಲಿನ ಹಾಲು ಉಕ್ಕುವುದು ತಪ್ಪಿದ್ದಲ್ಲ ಎಂದು ನಕ್ಕರು.

ಹನ್ನೆರಡನೆಯದು ಬಂತು. ಸಣ್ಣ ವಿಷಯಕ್ಕೂ ಚಿಂತೆ ಮಾಡುತ್ತಾಳೆಯೇ? ಹಿಟ್ಟು ಮೆತ್ತಿದ ಐದೂ ಬೆರಳು ಮೇಲೆದ್ದವು.

"ಇನ್ನೊಂದು ಕೈನೂ ಎತ್ತಲೇನ?"

ಅರ್ಜಿಯ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೂ ಐದಕ್ಕೇ ಗುರುತು ಹಾಕಿ ಮುಂದಿನದನ್ನು ಓದಿದೆ. ಇವಳ ಮೇಲೆ ಭರವಸೆ ಇಟ್ಟು ನಿಶ್ಚಿಂತೆಯಿಂದ ಇರಬಹುದೇ? ನನ್ನ ಹಾಳೆಯಲ್ಲಿ ಎರಡು ಹಾಕಿಕೊಂಡಿದ್ದೆ. ಅತ್ತೆ ಕೈ ಇಳಿಸಲೇ ಇಲ್ಲ.

"ಅತ್ತೀ, ಅದು ಮುಗೀತ್ರಿ. ಇದು ಬ್ಯಾರೆ ಪ್ರಶ್ನಿ."

"ಗೊತ್ತದ. ಇದಕ್ಕೂ ಐದ."

"ಎರಡಕ್ಕೂ ಐದು ಹೆಂಗ ಆಗ್ತದ್ರಿ?"

"ಯಾಕ ಆಗಂಗಿಲ್ಲ? ಮಲಗೂಮುಂದ ನೀ ಮೂರು ಸಲ ಗ್ಯಾಸ್ ನೋಡ್ತಿ. ಅದಕ್ಕ ನಾ ಒಂದ್ಸಲನೂ ಏಳಂಗಿಲ್ಲ. ನೀ ಈ ಮನಿಗೆ ಬರೂಕಿಂತ ಮೊದಲ ನಾನ ಏಳ್ತಿದ್ದೆ." ರೊಟ್ಟಿ ಮಗುಚಿ ಹಾಕಿ ಹೇಳಿದರು, "ಬರಕೋ."

ಬರೆದುಕೊಂಡೆ. ಆ ರಾತ್ರಿಯೇ ಅರ್ಜಿಯನ್ನೂ ತುಂಬಿದೆ.

ಸೋಮವಾರ ಮೇಡಂ ಮೇಲ್ತುದಿಯ ತಪ್ಪೊಪ್ಪಿಗೆ ಓದಿ ನಕ್ಕುಬಿಟ್ಟರು. ಇದು ನಿಯಮಕ್ಕೆ ಹೊಂದುವುದಿಲ್ಲ, ಬೇರೆಯವರಿಂದ ತುಂಬಿಸಿ ತರಬೇಕೆಂದರು. ಆದರೆ ಭರವಸೆಯ ಸಾಲಿನ ಎರಡು ಮತ್ತು ಐದರ ಮೇಲೆ ಬೆರಳಿಟ್ಟು, ಅತ್ತೆಯನ್ನು ಒಮ್ಮೆ ತರಗತಿಗೆ ಕರೆತರಲಾದೀತೇ ಎಂದು ಕೇಳಿದರು. ಅಷ್ಟರಲ್ಲಿ ಎರಡನೆಯ ಸೆಮಿಸ್ಟರಿನ ನನ್ನ ಅರ್ಜಿ ಕಾಲೇಜು ಆಫೀಸಿನ ಕಿಟಕಿಯೊಳಗೆ ಹೋಗಿಯಾಗಿತ್ತು. ದಿನಾಂಕವನ್ನು ಮೂರು ಸಲ ನೋಡಿಯೇ ಕೊಟ್ಟಿದ್ದೆ.

ಮನೆಗೆ ಬಂದಾಗ ಅತ್ತೆ ಕಾದಿದ್ದರು. ತಮಗೂ ಅಂಕ ಬೇಕಂತೆ. ಮೊದಲ ಪ್ರಶ್ನೆಯೇ ಕಷ್ಟದ್ದು: ಬೇಗ ಸಿಟ್ಟು ಬರುತ್ತದೆಯೇ? ಹಿಂದೆ ಮುಂದೆ ನೋಡಿ ಮೂರು ಬೆರಳು ಎತ್ತಿದೆ.

ಅತ್ತೆ ನನ್ನ ಕೈ ಹಿಡಿದು, ಮಡಚಿದ್ದ ಇನ್ನೆರಡು ಬೆರಳನ್ನೂ ತಾವೇ ಬಿಡಿಸಿದರು.

"ಸುಳ್ಳು ಬರೀಬ್ಯಾಡ," ಎಂದರು.