ಮಣ್ಣು ಕೇಳುವವರು

ರೋಲರ್ ಓಡಿಸುವ ದೇವರಾಜ್ ಆ ಬೆಳಿಗ್ಗೆಯೂ ಎಂಜಿನ್ ಆರಿಸಿ ಕೆಳಗಿಳಿದು ನಿಂತಿದ್ದ.

"ಮತ್ತೆ ಕುಸಿದೈತೆ ಮೇಡಂ. ನಿನ್ನೆ ಎಲ್ಲಿ ತುಂಬಿದ್ವೋ ಅಲ್ಲೇ."

ಲತಾಮಣಿ ಹೆಲ್ಮೆಟ್ ಸರಿಮಾಡಿಕೊಂಡು ಮಣ್ಣಿನ ದಿಬ್ಬ ಹತ್ತಿದಳು. ಅರಸೀಕೆರೆಯ ಹೊರಗೆ ಕಂಪನಿ ಕಟ್ಟುತ್ತಿದ್ದ ಕೈಗಾರಿಕಾ ಪ್ರದೇಶದ ಮೊದಲ ಕಟ್ಟಡ ಅದು, ಕೊಬ್ಬರಿ ಗೋದಾಮು. ದೊಡ್ಡ ದೊಡ್ಡ ಶಹರಗಳಿಗೆ ಮೆಟ್ರೋ, ಮರಳುಗಾಡಿಗೆ ಕುಡಿಯುವ ನೀರಿನ ಪೈಪು ಹಾಕಿದ ಕಂಪನಿಗೆ ಇದು ಲೆಕ್ಕಕ್ಕಿಲ್ಲದ ಕೆಲಸ. ತಗ್ಗು ಜಾಗಕ್ಕೆ ಹೊರಗಿನ ಮಣ್ಣು ತಂದು ಆಳೆತ್ತರ ತುಂಬಿ, ರೋಲರಿನಿಂದ ಅದುಮಿ, ಮೇಲೆ ಕಾಂಕ್ರೀಟಿನ ನೆಲ ಹಾಕಬೇಕು. ಮಣ್ಣು ಗಟ್ಟಿಯಾಗಿ ಕೂತಿದೆಯೇ ಎಂದು ಪರೀಕ್ಷೆ ಮಾಡಿ ಹೂಂ ಅನ್ನುವುದು ಲತಾಮಣಿಯ ಕೆಲಸ. ಅವಳು ಹೂಂ ಅನ್ನದೆ ಕಾಂಕ್ರೀಟ್ ಬೀಳುವಂತಿಲ್ಲ. ಗಂಡಸಿ ಊರ ಕಡೆಯ ಕೇರಿಯ ಹೆಣ್ಣುಮಗಳೊಬ್ಬಳ ಮಾತಿಗೆ ಅಷ್ಟು ಬೆಲೆ ಬಂದದ್ದು ಅದೇ ಮೊದಲು. ಆ ಒಂದು ಹೂಂನಿಂದಲೇ ಅವಳ ಮನೆಯ ಒಲೆ ಉರಿಯುತ್ತಿತ್ತು.

ಪರೀಕ್ಷೆಯಲ್ಲಿ ಮಣ್ಣು ಪಾಸಾಗುತ್ತಿತ್ತು. ಸಂಜೆ ಕಲ್ಲಿನಂತಿದ್ದ ನೆಲ ಬೆಳಗಾಗುವಷ್ಟರಲ್ಲಿ ಅದೊಂದು ಕಡೆ ಗೇಣುದ್ದ ಇಳಿದಿರುತ್ತಿತ್ತು. ನೀರು ನಿಂತ ಗುರುತಿಲ್ಲ, ಇಲಿಬಿಲವೂ ಇಲ್ಲ. ಉದ್ದನೆಯ ತಗ್ಗು, ಗುದ್ದಲಿಯಲ್ಲಿ ಕೆತ್ತಿದಂಥ ಅಂಚು.

ಮಣ್ಣು ಹೊಡೆಯುವ ಟಿಪ್ಪರುಗಳ ಗುತ್ತಿಗೆದಾರ ಇಂದ್ರೇಶ್ ಬೈಕು ನಿಲ್ಲಿಸಿ ನಗುತ್ತಾ ಬಂದ. "ಏನ್ಲಾ ದೇವರಾಜ, ಮೇಡಮ್ಮಿಗೂ ದೆವ್ವದ ಕಥೆ ಹೇಳ್ತಿದೀಯಾ?"

"ದೆವ್ವ ಅಂದೋರು ಯಾರಣ್ಣ? ರೋಲರು ಅಲ್ಲಿಗೆ ಹೋದ್ರೆ ಒಳಗೆ ಟೊಳ್ಳು ಸದ್ದು ಬತ್ತೈತೆ ಅಂದೆ."

"ನಿನ್ನ ತಲೆ ಮೇಲೆ ಕುಟ್ಟಿದ್ರೂ ಅದೇ ಸದ್ದು."

"ಅದಕ್ಕೇ ಹೆಲ್ಮೆಟ್ ಕೊಟ್ಟವ್ರೆ," ಅಂದ ದೇವರಾಜ್. ಆದರೆ ನಗಲಿಲ್ಲ.

"ಈ ಮಣ್ಣು ಎಲ್ಲೀದು ಇಂದ್ರೇಶ್?" ಲತಾಮಣಿ ಕೇಳಿದಳು.

"ಖರಾಬು ಜಾಗದ್ದು ಮೇಡಂ. ಯಾರಿಗೂ ಸೇರಿದ್ದಲ್ಲ."

ಅಷ್ಟರಲ್ಲಿ ಲತಾಮಣಿಗೆ ಅವ್ವ ದೇವೀರಮ್ಮನ ಫೋನು ಬಂತು. "ಮಳೆ ಬಿತ್ತು ಕಣವ್ವ. ನಿಮ್ಮಪ್ಪ ಮಣ್ಣು ಕೇಳ್ತಿರ್ತಾನೆ. ಯಾವತ್ತು ಬತ್ತೀಯಾ?"

ಹೂಳಿದ ಮೇಲೆ ಮೊದಲ ಮಳೆಗೆ ಗುಂಡಿಯ ಮಣ್ಣು ಕುಸಿಯುತ್ತದೆ. ಕೇರಿಯವರು ಅದನ್ನು ಮಣ್ಣು ಕೇಳುವುದು ಅನ್ನುತ್ತಾರೆ. ಸತ್ತವರು ಕೇಳಿದಾಗ ಮನೆಯವರು ತಮ್ಮ ಹಿತ್ತಿಲ ಮಣ್ಣನ್ನು ಒಯ್ದು ಹಿಡಿಹಿಡಿಯಾಗಿ ಹಾಕಬೇಕು. ಬೇರೆ ಮಣ್ಣು ಎಷ್ಟು ಸುರಿದರೂ ಕುಸಿತ ನಿಲ್ಲುವುದಿಲ್ಲ. ಲತಾಮಣಿಯ ಅಪ್ಪ ಗಿಡ್ಡಯ್ಯ ತೀರಿಕೊಂಡದ್ದು ಈ ಬೇಸಿಗೆಯಲ್ಲಿ.

"ಬತ್ತೀನಿ ಅವ್ವ," ಎಂದು ಫೋನಿಟ್ಟು ಅವಳು ತಗ್ಗಿನ ಅಂಚಿಗೆ ಟೇಪು ಹಿಡಿದು ಕೂತಳು. ಉದ್ದ ಅಳೆದಳು. ಅಗಲ ಅಳೆಯುವಾಗ ಕೈ ತಡೆಯಿತು. ನಡುವಿನಲ್ಲಿ, ಬಲಕ್ಕೆ, ಅಂಚು ಹೊರಗೆ ಬಾಗಿತ್ತು. ಅಲ್ಲೊಂದು ಮೊಣಕಾಲು ಮಡಿಸಿಟ್ಟಷ್ಟು ಜಾಗ.

ಗಿಡ್ಡಯ್ಯ ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊತ್ತವನು. ಮೇಲಿಂದ ಮೂಟೆ ಉರುಳಿ ಬಿದ್ದು ಬಲಮೊಣಕಾಲು ಮಡಿಸಿದ ಹಾಗೇ ಉಳಿಯಿತು. ಸತ್ತ ದಿನವೂ ಕಾಲು ನೆಟ್ಟಗಾಗಲಿಲ್ಲ. ಯಾರೋ ಒತ್ತಿ ನೇರ ಮಾಡಲು ಹೋದಾಗ ಲತಾಮಣಿಯೇ ತಡೆದಿದ್ದಳು: "ಕಾಲು ಮುಟ್ಟಬೇಡಿ, ಗುಂಡೀನೇ ಅಗಲ ಮಾಡಿ." ಅವಳೆದುರಿಗೇ ಬಲಕ್ಕೆ ಅಷ್ಟು ಅಗಲ ತೋಡಿದ್ದರು.

ತಗ್ಗಿನಿಂದ ಹಳೆಯ ಗೋಣಿಚೀಲದ, ಕಮಟು ಕೊಬ್ಬರಿಯ ವಾಸನೆ ಬಂತು. ಈ ಗೋದಾಮಿಗೆ ಇನ್ನೂ ಒಂದು ಮೂಟೆಯೂ ಬಂದಿರಲಿಲ್ಲ.

ಅವಳು ಸ್ಕೂಟರ್ ಏರಿ ಗಂಡಸಿ ದಾರಿ ಹಿಡಿದಳು. ಅವ್ವನನ್ನು ಹಿಂದೆ ಕೂರಿಸಿಕೊಂಡು ಕೇರಿಯ ಹೂಳುವ ಜಾಗಕ್ಕೆ ಹೋದಳು. ಜಾಗವೇ ಇರಲಿಲ್ಲ. ದಿಣ್ಣೆಯ ಅರ್ಧವನ್ನು ಜೆಸಿಬಿ ಕಡಿದು ಒಯ್ದಿತ್ತು. ಕಡಿದುಳಿದ ಕೆಂಪು ಮಣ್ಣಿನ ಗೋಡೆಯ ಮೇಲೆ ಅದರ ಹಲ್ಲಿನ ಗೀರು ಹಸಿಯಾಗಿತ್ತು. ಗುರುತಿಗೆಂದು ತಲೆದೆಸೆಯಲ್ಲಿ ನೆಟ್ಟಿದ್ದ ಲೋಳೆಸರದ ಬುಡಗಳು ಬೇರು ಮೇಲಾಗಿ ಬಿದ್ದಿದ್ದವು. ಕೇರಿಯವರು ಹೂಳುವ ಆ ಜಾಗ ಸರ್ಕಾರದ ದಾಖಲೆಯಲ್ಲಿ ಯಾವತ್ತೂ ಸ್ಮಶಾನವಾಗಿರಲಿಲ್ಲ. ಅದು ಖರಾಬು. ಹೊಲೆಯರ ಹೆಣ ಬಿದ್ದ ನೆಲಕ್ಕೆ ಬೇರೆ ಹೆಸರು ಬರೆಯಲು ಯಾರ ಕೈಯೂ ಏಳದೆ ಹಾಗೇ ಉಳಿದದ್ದು.

ದೇವೀರಮ್ಮ ಅಳಲಿಲ್ಲ. "ಎಲ್ಲಿಗೆ ಹೊತ್ಕೊಂಡು ಹೋದ್ರು?"

"ನಾನು ಕೆಲಸ ಮಾಡೋ ಕಡೆಗೇ ಅವ್ವ. ನಾಳೆ ಅದರ ಮೇಲೆ ಕಾಂಕ್ರೀಟ್ ಹಾಕ್ತಾರೆ."

"ಹಾಕ್ಬಿಟ್ರೆ?"

"ಆಮೇಲೆ ನಾವು ಮಣ್ಣು ಕೊಡೋಕಾಗಲ್ಲ. ಯಾವತ್ತೂ."

ಮರುದಿನ ದೇವೀರಮ್ಮ ಹಿತ್ತಿಲ ಮಣ್ಣು ತುಂಬಿದ ಮಂಕರಿ ಹೊತ್ತು ಮಗಳ ಹಿಂದೆ ದಿಬ್ಬ ಹತ್ತಿದಳು. ಕಾಂಕ್ರೀಟಿನ ಲಾರಿಗಳು ಡ್ರಮ್ಮು ತಿರುಗಿಸುತ್ತಾ ಸಾಲಾಗಿ ನಿಂತಿದ್ದವು. ಪ್ರಾಜೆಕ್ಟ್ ಮ್ಯಾನೇಜರ್ ಚೇತನ್‌ಕುಮಾರ್ ಗಡಿಯಾರ ನೋಡಿಕೊಳ್ಳುತ್ತಿದ್ದ.

"ಟೆಸ್ಟ್ ಪಾಸಾಗಿದೆ ತಾನೇ ಲತಾಮಣಿ?"

"ಪಾಸಾಗಿದೆ ಸರ್."

"ಮತ್ತೇನ್ರೀ? ಹೂಂ ಅನ್ನಿ."

"ಇಲ್ಲಿರೋರು ನಮ್ಮಪ್ಪ ಸರ್."

ಚೇತನ್‌ಕುಮಾರ್ ಇಂದ್ರೇಶನ ಕಡೆ ನೋಡಿದ. ಇಂದ್ರೇಶ್ ಬೂಟಿನ ತುದಿಯಿಂದ ಹೆಂಟೆಯೊಂದನ್ನು ಒಡೆಯತೊಡಗಿದ. "ಮಣ್ಣು ತೆಗೆಯೋಕೆ ಒಪ್ಪಿಗೆ ಇದ್ದ ಗುಡ್ಡ ದೂರ ಆಯ್ತು ಸಾರ್, ಈ ಖರಾಬು ಹತ್ರ ಇತ್ತು. ಅಲ್ಲಿ ಕಲ್ಲಿಲ್ಲ, ಕಟ್ಟೆಯಿಲ್ಲ. ನಂಗೇನು ಗೊತ್ತು?"

"ಕಲ್ಲು ನೆಡೋಕೆ ಬಿಟ್ಟಿದ್ದು ಯಾವಾಗ?" ಅಂದಳು ದೇವೀರಮ್ಮ.

ಮ್ಯಾನೇಜರ್ ದನಿ ತಗ್ಗಿಸಿದ. "ನೋಡಿ, ನಿಮ್ಮ ನೋವು ಅರ್ಥವಾಗುತ್ತೆ. ಗೋದಾಮಿನಲ್ಲಿ ನಿಮ್ಮಪ್ಪನ ಒಂದು ಫೋಟೋ ಹಾಕ್ಸೋಣ ಬೇಕಾದ್ರೆ. ನೀವು ಆಗಲ್ಲ ಅಂದ್ರೆ ಹಾಸನದಿಂದ ಬೇರೆ ಎಂಜಿನಿಯರ್ ಬರ್ತಾರೆ, ಅವರು ಹೂಂ ಅಂತಾರೆ. ನಿಮ್ಮ ಕೆಲಸ ಹೋಗುತ್ತೆ, ಅಷ್ಟೇ."

"ಬರ್ಲಿ ಸರ್."

ದೇವೀರಮ್ಮ ಮಂಕರಿ ಇಳಿಸಿದಳು. "ಬದುಕಿದ್ದಾಗ ನಿಮ್ಮ ಮೂಟೆ ಹೊತ್ತ. ಕಾಲು ಕೊಟ್ಟ. ಈಗ ಗೋದಾಮನ್ನೇ ಅವನ ಎದೆ ಮೇಲೆ ಇಕ್ತೀರಾ ಸ್ವಾಮಿ? ಸತ್ತ ಮೇಲೂ ಹೊರ್ಬೇಕಾ?"

ಅವಳು ಬಗ್ಗಿ ಒಂದು ಹಿಡಿ ಹಾಕಿದಳು. ಲತಾಮಣಿ ಒಂದು ಹಿಡಿ ಹಾಕಿದಳು. ಟಿಪ್ಪರುಗಟ್ಟಲೆ ಮಣ್ಣಿಗೆ ತುಂಬದಿದ್ದ ತಗ್ಗು ಆ ಹಿಡಿಗಳಿಗೇ ಮೇಲೆದ್ದಿತು. ಬಲಗಡೆಯ ಬಾಗು ಕೊನೆಗೆ ಸಮವಾಯಿತು. ಮಂಕರಿಯಲ್ಲಿ ಇನ್ನೂ ಮಣ್ಣಿತ್ತು.

ಆಗ ದೇವರಾಜ್ ಮೆಲ್ಲಗೆ ಅಂದ, "ಅಕ್ಕ, ಅಲ್ಲಿ ನೋಡಿ."

ದಿಬ್ಬದ ಆ ತುದಿಯಲ್ಲಿ ನೆಲ ಸದ್ದಿಲ್ಲದೆ ಇಳಿಯುತ್ತಿತ್ತು. ಒಂದು ಉದ್ದನೆಯ ತಗ್ಗು. ಅದರ ಪಕ್ಕ ಇನ್ನೊಂದು. ಅದರಾಚೆ ತೊಟ್ಟಿಲಷ್ಟೇ ಇರುವ ಪುಟ್ಟದೊಂದು. ಇಂದ್ರೇಶ್ ಹಿಂದಕ್ಕೆ ಸರಿದ. ಅವನ ಹಿಂದೆಯೂ ಒಂದು ಬಾಯಿ ತೆರೆದಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಇಡೀ ಕೇರಿಯ ಸತ್ತವರು ಮಣ್ಣು ಕೇಳುತ್ತಿದ್ದರು.

"ಅವ್ವ, ಕೇರಿಗೆ ಫೋನ್ ಮಾಡು," ಅಂದಳು ಲತಾಮಣಿ. "ಎಲ್ಲರೂ ಅವರವರ ಹಿತ್ತಿಲ ಮಣ್ಣು ತರ್ಲಿ."

ದೇವರಾಜ್ ರೋಲರನ್ನು ತಂದು ಲಾರಿಗಳಿಗೆ ಅಡ್ಡಲಾಗಿ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಹಾಸನದ ಎಂಜಿನಿಯರ್ ಇನ್ನಷ್ಟೇ ಬರಬೇಕಿತ್ತು. ಕಲಸಿದ ಕಾಂಕ್ರೀಟು ಯಾರಿಗೂ ಕಾಯುವುದಿಲ್ಲ, ಹೊತ್ತು ಮೀರಿದರೆ ಡ್ರಮ್ಮಿನಲ್ಲೇ ಗಟ್ಟಿಯಾಗುತ್ತದೆ ಎಂಬುದು ಲತಾಮಣಿಗೂ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು. ಅವಳು ಹೆಲ್ಮೆಟ್ ತೆಗೆದು ಅಪ್ಪನ ಪಕ್ಕದಲ್ಲಿ ಕೂತಳು. ತಿರುಗುವ ಡ್ರಮ್ಮುಗಳ ಸದ್ದು ನಿಧಾನಕ್ಕೆ ಭಾರವಾಗತೊಡಗಿತು.